ಕೌದಿ ಸ್ಲ್ಯಾಬಿನ ಮೇಲಿರಲಿ

ಹೋದ ವಾರ ಇಂಡಿ ಕಡೆಯವರೊಬ್ಬರು ಮನೆಯ ನಕ್ಷೆ ಹಿಡಿದು ಬಂದಿದ್ದರು. ಕುಂತವರೇ ಶುರು ಮಾಡಿದರು: "ಸಾಹೇಬ್ರ, ಸ್ಲ್ಯಾಬ್ ಐದು ಇಂಚು ಬ್ಯಾಡ್ರಿ, ಏಳು ಹಾಕ್ರಿ. ಬ್ಯಾಸಗ್ಯಾಗ ತಂಪ, ಚಳಿಗಾಲದಾಗ ಬೆಚ್ಚಗ ಇರ್ತೈತಿ."

ವಿಜಯಪುರದಲ್ಲಿ ಎಂಜಿನಿಯರಿಂಗ್ ಕೆಲಸ ಹಿಡಿದಾಗಿನಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಸಾವಿರ ಚದರಡಿ ಮನೆಗೆ ಎರಡು ಇಂಚು ಹೆಚ್ಚಿಸಿದರೆ ತಲೆಯ ಮೇಲೆ 11 ಟನ್ನಿಗೂ ಮಿಕ್ಕಿದ ಭಾರ ಕೂಡುತ್ತದೆ. ಬೀಮು, ಕಾಲಂ, ಕಬ್ಬಿಣ ಎಲ್ಲಕ್ಕೂ ಖರ್ಚು. ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಒಂದು ಇಂಚು ಥರ್ಮಾಕೋಲ್ ತಡೆಯುವಷ್ಟು ಶಾಖ ತಡೆಯಬೇಕೆಂದರೆ 40 ಇಂಚಿಗೂ ಹೆಚ್ಚು ಕಾಂಕ್ರೀಟ್ ಬೇಕು. ಎರಡು ಇಂಚು ಯಾವ ಲೆಕ್ಕಕ್ಕೂ ಬರುವುದಿಲ್ಲ.

"ಹಂಗಾರ ಗೋಳಗುಮ್ಮಟದಾಗ ಹ್ಯಾಂಗ ತಂಪ ಇರ್ತೈತ್ರಿ?" ಅಂದರು. ಒಳ್ಳೆಯ ಪ್ರಶ್ನೆ. ಆ ಗುಮ್ಮಟದ ದಪ್ಪ ಸುಮಾರು 10 ಅಡಿ. ಹಗಲಿನ ಬಿಸಿ ಒಳಗೆ ಮುಟ್ಟುವ ಮೊದಲೇ ರಾತ್ರಿ ಆಗಿ ಅದು ಬಂದ ದಾರಿಯಲ್ಲೇ ತಿರುಗುತ್ತದೆ. ನಿಮ್ಮ ಏಳು ಇಂಚಿನ ಸ್ಲ್ಯಾಬಿನಲ್ಲಿ ಮಧ್ಯಾಹ್ನದ ಬಿಸಿ ಸಂಜೆ ಊಟದ ಹೊತ್ತಿಗೆ ಕೆಳಗಿಳಿದಿರುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೆ ಏಣಿ ಹತ್ತಿ ಚಾವಣಿಗೆ ಅಂಗೈ ಇಡಿ, ಹಂಚಿನ ಹಾಗೆ ಕಾದಿರುತ್ತದೆ. ಜನವರಿಯಲ್ಲಿ ನಸುಕಿನ ಐದಕ್ಕೆ ಅದೇ ಜಾಗದಲ್ಲಿ ಕೈ ಇಟ್ಟು ನೋಡಿ.

ಚಳಿಗಾಲದ ಮಾತು ಬಾಯಿಗೆ ಬಂದರೂ ನಮ್ಮಲ್ಲಿ ಎಲ್ಲರಿಗೂ ಬಿಸಿಲಿನದೇ ಚಿಂತೆ. ಆದರೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿ 10 ಡಿಗ್ರಿಗಿಂತ ಕೆಳಗಿಳಿದ ಬೆಳಗುಗಳಿವೆ. ಮೋಡವಿಲ್ಲದ ಒಣ ಆಕಾಶಕ್ಕೆ ಸ್ಲ್ಯಾಬ್ ರಾತ್ರಿಯಿಡೀ ತನ್ನ ಬಿಸಿ ಬಿಟ್ಟುಕೊಡುತ್ತ ಹೋಗುತ್ತದೆ. ಕಿಟಕಿ ಎಲ್ಲ ಮುಚ್ಚಿದ್ದರೂ ಮೇಲಿನಿಂದ ಥಂಡಿ ಸುರಿದ ಹಾಗೆ ಅನಿಸುವುದು ಅದಕ್ಕೇ.

ಬಾಗಲಕೋಟೆ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರೊಬ್ಬರು ನಿವೃತ್ತಿಯ ದುಡ್ಡಿನಲ್ಲಿ ಹೊಸ ಮನೆ ಕಟ್ಟಿಸಿದರು. ಅವರ ಅವ್ವ ಎರಡು ರಾತ್ರಿ ಅಲ್ಲಿ ಮಲಗಿ, ಮೂರನೆಯ ದಿನ ಕೌದಿ ಸುತ್ತಿಕೊಂಡು ಹಿತ್ತಲಿನ ಹಳೇ ಜಂತಿ ಮನೆಗೆ ಹೋದರು. ನಾನು ಹೋದಾಗ ಜಂತಿ ಕಡೆ ಬೆರಳು ಮಾಡಿ, "ಇಲ್ಲಿ ಮ್ಯಾಲ ಮಣ್ಣೈತಿ ತಮ್ಮಾ, ಅಲ್ಲಿ ಏನೈತಿ?" ಅಂದರು. ನಾನು ಅರ್ಧ ತಾಸು ಹೇಳುವುದನ್ನು ಒಂದೇ ಮಾತಿನಲ್ಲಿ ಹೇಳಿದ್ದರು. ಒಂದು ಅಡಿಗೂ ಹೆಚ್ಚು ದಪ್ಪದ ಒಣಮಣ್ಣಿನಲ್ಲಿ ಬಿಸಿಯೂ ಚಳಿಯೂ ನಿಧಾನ ಇಳಿಯುತ್ತವೆ. ಹಾಗಂತ ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆ ಕಟ್ಟಿರಿ ಅನ್ನುವುದಿಲ್ಲ. ವರ್ಷಾ ವರ್ಷಾ ಮಳೆಗೆ ಮೊದಲು ಮಣ್ಣು ಹೊತ್ತು ಹಾಕುವವರು ಈಗ ಎಲ್ಲಿದ್ದಾರೆ?

ಆ ಅವ್ವನ ಕೌದಿಯನ್ನೇ ನೋಡಿ. ಹಳೇ ಸೀರೆಯ ಪದರಗಳ ನಡುವೆ ನಿಂತ ಗಾಳಿ ಬೆಚ್ಚಗಿಡುತ್ತದೆ, ಬಟ್ಟೆಯ ತೂಕವಲ್ಲ. ಶಾಖ ತಡೆಯುವ ಇನ್ಸುಲೇಶನ್ ಬೋರ್ಡಿನ ಕೆಲಸವೂ ಅದೇ. ಮತ್ತೆ ಕೌದಿಯನ್ನು ಮೈಮೇಲೆ ಹೊದೆಯುತ್ತೇವೆ. ಮನೆಗೂ ಹಾಗೆಯೇ, ಸ್ಲ್ಯಾಬಿನ ಮೇಲೆ ಹೊದಿಸಬೇಕು. ಆಗ ಸ್ಲ್ಯಾಬ್ ಬಿಸಿಲಿಗೆ ಕಾಯುವುದೂ ಕಡಿಮೆ, ಚಳಿಗೆ ತಣ್ಣಗಾಗುವುದೂ ಕಡಿಮೆ. ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ತಗ್ಗುತ್ತದೆ. ಕೆಳಗೆ ಬರೇ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಹೊಡೆಸಿದರೆ ಸ್ಲ್ಯಾಬ್ ಕಾಯುವುದು ತಪ್ಪುವುದಿಲ್ಲ, ಸೋರಿದರೆ ಕಲೆ ಕಾಣುವ ಹೊತ್ತಿಗೆ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಟೆರೇಸ್ ಬೇರೆಯವರದಾಗಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಕೆಳಗಿನ ದಾರಿ, ಅದೂ ಬೋರ್ಡ್ ಸೇರಿಸಿ.

ಟೆರೇಸಿಗೆ ಬಿಳಿ ಸುಣ್ಣ ಹೊಡೆಸುವವರಿಗೆ ಬೇಡ ಅನ್ನುವುದಿಲ್ಲ. ಬೇಸಿಗೆಗೆ ಅಗ್ಗದ ಉಪಾಯ. ಚಳಿಗೆ ಅದರಿಂದ ಉಪಯೋಗವಿಲ್ಲ, ಪ್ರತಿ ವರ್ಷ ಮತ್ತೆ ಹೊಡೆಸಬೇಕು.

ಒಮ್ಮೆ ಮಾಡಿ ಮರೆಯುವ ಕೆಲಸ ಬೇಕಿದ್ದರೆ: ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ 2 ಇಂಚಿನ ಎಕ್ಸ್‌ಪಿಎಸ್ ಗಟ್ಟಿ ಬೋರ್ಡ್ (ಥರ್ಮಾಕೋಲ್ ಜಾತಿಯದೇ, ಆದರೆ ಒತ್ತಿ ಗಟ್ಟಿ ಮಾಡಿದ್ದು), ಮೇಲೊಂದು ಪ್ಲಾಸ್ಟಿಕ್ ಹಾಳೆ, ಕೋಳಿಜಾಳಿಗೆ (ತಂತಿಬಲೆ) ಹಾಕಿದ 2 ಇಂಚು ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್ ಚೂರು. ಟಿವಿ ಡಬ್ಬಿಯೊಳಗಿನ ಮೆತ್ತನೆಯ ಥರ್ಮಾಕೋಲ್ ನಡೆಯುವುದಿಲ್ಲ, ಕಾಲಿಟ್ಟರೆ ಕುಸಿಯುತ್ತದೆ. ಇಳಿಜಾರು 10 ಅಡಿಗೆ ಒಂದೂಕಾಲು ಇಂಚು ಇರಲಿ. ಹಳೇ ಮನೆಯಾದರೆ ಅವಸರ ಬೇಡ. ಈ ಕಾಂಕ್ರೀಟೊಂದೇ ಚದರಡಿಗೆ 10 ಕಿಲೋಗೂ ಹೆಚ್ಚು ತೂಗುತ್ತದೆ, ಹಳೇ ಸ್ಲ್ಯಾಬ್ ತಡೆದೀತೋ ಇಲ್ಲವೋ ಎಂದು ಗೊತ್ತಿದ್ದವರು ಕಣ್ಣಾರೆ ನೋಡಿಯೇ ಹೇಳಬೇಕು. ಫೋನಿನಲ್ಲಿ ಕೇಳಿದರೆ ನಾನು ಹೇಳುವುದಿಲ್ಲ. ಮತ್ತೆ ಬೋರ್ಡ್ ಹಾಸುವ ಮೊದಲು ಟೆರೇಸಿನಲ್ಲಿ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಮೂಲೆ ಮೂಲೆ ತಡವಿ ನೋಡಿ. ಮೇಸ್ತ್ರಿ "ನಾಳೆ ಗಾರೆ ಕಲಸ್ತೀನ್ರಿ" ಅಂತ ಎಷ್ಟು ಅವಸರ ಮಾಡಿದರೂ ಆ ಎರಡು ದಿನ ಬಿಡಬೇಡಿ.