ಮನಸ್ಸು ಓಡಿದ್ದು ತಪ್ಪಲ್ಲ

"ಏಳನೇ ಕ್ಲಾಸ್ ತುಂಬಾ ಗಲಾಟೆ ಮೇಡಂ. ಸ್ವಲ್ಪ ಧ್ಯಾನ ಹೇಳಿಕೊಟ್ಟು ಸುಮ್ಮನಾಗಿಸಿ." ಶಾಲೆಗಳಿಂದ ನನಗೆ ಬರುವ ಕರೆಗಳಲ್ಲಿ ಇಂಥವೇ ಜಾಸ್ತಿ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಏನಾಗುತ್ತಿದೆ ಅಂತ ಗಮನಿಸುವ ಅಭ್ಯಾಸ, ಮಕ್ಕಳ ಬಾಯಿ ಮುಚ್ಚಿಸುವ ಉಪಾಯ ಅಲ್ಲ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಒಂದು ಕ್ಲಾಸಿನಲ್ಲಿ ಮೂರು ನಿಮಿಷ ಉಸಿರು ಗಮನಿಸಿದ ಮೇಲೆ "ಏನಾಯ್ತು?" ಅಂತ ಕೇಳಿದೆ. ಸುಮಾರು ಮಕ್ಕಳು "ಚೆನ್ನಾಗಿತ್ತು" ಅಂದರು. ದೊಡ್ಡವರಿಗೆ ಯಾವ ಉತ್ತರ ಇಷ್ಟ ಅಂತ ಅವರಿಗೆ ಗೊತ್ತಿರುತ್ತೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಹನ್ನೊಂದು ಸಲ ಮನಸ್ಸು ಎಲ್ಲೆಲ್ಲೋ ಹೋಯ್ತು. ಕೊನೆಗೆ ಎಣಿಸೋಕೆ ಬೆರಳೇ ಸಾಲಲಿಲ್ಲ." ಪಕ್ಕದಲ್ಲಿದ್ದ ಅವರ ಟೀಚರ್ ತಕ್ಷಣ, "ನೋಡಿ, ಮೂರು ನಿಮಿಷಾನೂ ಗಮನ ಇಲ್ಲ" ಅಂದರು. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅವತ್ತು ಆ ಕ್ಲಾಸಿನಲ್ಲಿ ಅಭ್ಯಾಸ ಸರಿಯಾಗಿ ಮಾಡಿದವನೇ ಅವನು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮನಸ್ಸು ಓಡುತ್ತೆ, ಅದರ ಸ್ವಭಾವವೇ ಅದು. ಓಡಿದ್ದು ಗೊತ್ತಾಗಬೇಕು, ಬೈದುಕೊಳ್ಳದೆ ವಾಪಸ್ ಬರಬೇಕು. ಅಭ್ಯಾಸ ಇಷ್ಟೇ. ಸೈಕಲ್ ಕಲಿಯುವಾಗ ವಾಲುತ್ತೇವೆ, ಸರಿ ಮಾಡಿಕೊಳ್ಳುತ್ತೇವೆ, ಮತ್ತೆ ವಾಲುತ್ತೇವೆ. ಹಾಗೆ ಸರಿ ಮಾಡಿಕೊಳ್ಳುವುದೇ ಸವಾರಿ ಅಲ್ವಾ? ಆ ಹುಡುಗ ಹನ್ನೊಂದು ಸಲ ಓಡಿ ಹೋದ, ಹನ್ನೊಂದು ಸಲವೂ ಅವನಿಗೆ ಅದು ಗೊತ್ತಾಯಿತು. ಕಲ್ಲಿನ ಹಾಗೆ ಕೂತ ಮಗು ಒಳಗೆ ಎಲ್ಲಿತ್ತು ಅಂತ ನಮಗೆ ಯಾರಿಗೂ ಗೊತ್ತಿಲ್ಲ.

ಇಂದು ಶಾಲೆಗಳಿಗೆ ಬಂದಿರುವ ಈ ಪದ್ಧತಿಗೆ ಒಂದು ಮುಖ್ಯ ಬೇರು 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿ ಶುರು ಮಾಡಿದ ತರಬೇತಿ. ಅಲ್ಲಿಗೆ ಹೋದವರು ನೋವಿನಿಂದ ಬಳಲುತ್ತಿದ್ದ ದೊಡ್ಡವರು, ತಾವಾಗಿಯೇ ಬಯಸಿ ಹೋದವರು. ನಮ್ಮ ಮಕ್ಕಳು ಬಯಸಿ ಬಂದವರಲ್ಲ, ಪೀರಿಯಡ್ ಇದೆ ಅಂತ ಕೂತವರು. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. 2022ರಲ್ಲಿ ಬಂದ ಅದರ ಫಲಿತಾಂಶ ನೋಡಿದರೆ, ಮಕ್ಕಳ ಮಾನಸಿಕ ಆರೋಗ್ಯದ ಮಟ್ಟಿಗೆ ಮೈಂಡ್‌ಫುಲ್‌ನೆಸ್ ಪಾಠಗಳು, ಭಾವನೆ ಮತ್ತು ಒಡನಾಟದ ಬಗ್ಗೆ ಶಾಲೆಯಲ್ಲಿ ಮಾಮೂಲಿಯಾಗಿ ಕಲಿಸುವ ಪಾಠಗಳಿಗಿಂತ ಹೆಚ್ಚೇನೂ ಮಾಡಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿದ ಮಕ್ಕಳೂ ಕಡಿಮೆಯೇ. ಆದರೆ ಮೊದಲು ತಾವೇ ಕಲಿತ ಶಿಕ್ಷಕರಲ್ಲಿ ಕೆಲಸದ ದಣಿವು ಸ್ವಲ್ಪ ಇಳಿದಿತ್ತು. ಆ ಲಾಭವೂ ಜಾಸ್ತಿ ದಿನ ಉಳಿಯಲಿಲ್ಲ. ಅದಕ್ಕೇ ನಾನು ದೊಡ್ಡ ಭರವಸೆ ಯಾರಿಗೂ ಕೊಡುವುದಿಲ್ಲ. ಟೀಚರ್‌ಗಳಿಂದಲೇ ಶುರು ಮಾಡೋಣ ಅನ್ನುತ್ತೇನೆ.

ಇನ್ನೊಂದು ಮಾತು. ಕಣ್ಣು ಮುಚ್ಚಲೇಬೇಕು ಅಂತ ಹಟ ಮಾಡಬೇಡಿ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಭಯ ಆಗುತ್ತೆ, ಅದಕ್ಕೆ ಕಾರಣ ನಮಗೆ ಗೊತ್ತಿರುವುದಿಲ್ಲ. ನೆಲ ನೋಡಿದರೂ ಸಾಕು. ತುಂಬಾ ಕುಗ್ಗಿಹೋಗಿರುವ ಮಗುವಿಗೆ ಇದೇ ಮದ್ದು ಅಂದುಕೊಳ್ಳಬೇಡಿ, ಆಪ್ತಸಮಾಲೋಚಕರ ಹತ್ತಿರ ಕಳಿಸಿ. ಗಲಾಟೆ ಮಾಡಿದ್ದಕ್ಕೆ ಶಿಕ್ಷೆಯಾಗಿ ಧ್ಯಾನ ಕೊಡುವುದಂತೂ ಬೇಡವೇ ಬೇಡ.

ಮುಂದಿನ ವಾರ ಅದೇ ಕ್ಲಾಸಿಗೆ ಹೋದಾಗ ಆ ಟೀಚರ್‌ಗೂ ಮಕ್ಕಳ ಜೊತೆ ಕೂರಲು ಹೇಳಿದೆ. ಸೀಮೆಸುಣ್ಣದ ಕೈ ಒರೆಸಿಕೊಂಡು ಕೂತರು. ಮೂರು ನಿಮಿಷ ಆದ ಮೇಲೆ ಮೊದಲು ಕೈ ಎತ್ತಿದವರು ಅವರೇ. "ನನಗೆ ಲೆಕ್ಕಾನೇ ತಪ್ಪಿಹೋಯ್ತು" ಅಂದರು. ಹಿಂದಿನ ಬೆಂಚಿನ ಹುಡುಗ ತಲೆ ಎತ್ತಿ ಅವರನ್ನೇ ನೋಡುತ್ತಿದ್ದ.