ಮಾಡಬೇಕಾಗಿತ್ತು, ಮಾಡಬೇಕಾಯಿತು

ಶಿವಮೊಗ್ಗದ ದುರ್ಗಿಗುಡಿಯ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಇಂಗ್ಲಿಷ್ ಪತ್ರಗಳನ್ನು ಬರೆದುಕೊಡುವುದು, ಜನ ಬರೆದು ತಂದದ್ದನ್ನು ತಿದ್ದಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಈ ಎರಡೂ ಕೆಲಸಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೆಂಪು ಗೆರೆ ಎಳೆದಿರುವುದು 'ಹ್ಯಾಡ್ ಟು' ಎಂಬ ಎರಡು ಪದಗಳ ಕೆಳಗೆ. ಕಾಗುಣಿತ ತಪ್ಪಿದ್ದರೆ ಓದುವವರು ತಾವೇ ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಈ ತಪ್ಪಿಗೆ ಆ ಅನುಕೂಲವಿಲ್ಲ. ವಾಕ್ಯವು ವ್ಯಾಕರಣದ ದೃಷ್ಟಿಯಿಂದ ಶುದ್ಧವಾಗಿಯೇ ಇರುತ್ತದೆ, ಕಂಪ್ಯೂಟರ್ ಅದರ ಕೆಳಗೆ ಯಾವ ಗುರುತನ್ನೂ ಹಾಕುವುದಿಲ್ಲ, ಆದರೆ ಬರೆದವರು ಹೇಳಹೊರಟದ್ದಕ್ಕೆ ನೇರ ವಿರುದ್ಧವಾದ ಅರ್ಥ ಓದಿದವರ ಮನಸ್ಸಿಗೆ ಹೋಗಿರುತ್ತದೆ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬಳು ಹುಡುಗಿ ಬೆಂಗಳೂರಿನಿಂದ ರಜೆಗೆ ಬಂದವಳು ನನ್ನಲ್ಲಿಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಶುಕ್ರವಾರ ಗ್ರಾಹಕರಿಗೆ ಒಂದು ಕಡತವನ್ನು ಕಳುಹಿಸಬೇಕಾಗಿತ್ತು, ಮರೆತುಬಿಟ್ಟಿದ್ದಳು. ಸೋಮವಾರ ಮೇಲಧಿಕಾರಿ ಏನಾಯಿತೆಂದು ಕೇಳಿದಾಗ, ತಪ್ಪನ್ನು ಮುಚ್ಚಿಡಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಆಕೆ ಬರೆದದ್ದು ಹೀಗೆ: 'ಐ ಹ್ಯಾಡ್ ಟು ಸೆಂಡ್ ದ ಫೈಲ್ ಆನ್ ಫ್ರೈಡೇ. ಐ ಆಮ್ ಸಾರಿ.' ಆ ಅಧಿಕಾರಿ ಕನ್ನಡ ತಿಳಿದವರಲ್ಲ. ಏನೋ ಒತ್ತಡ ಬಂದು ಶುಕ್ರವಾರವೇ ಕಳುಹಿಸಿಬಿಟ್ಟಿದ್ದಾಳೆ, ತನ್ನನ್ನು ಕೇಳದೆ ಕಳುಹಿಸಿದ್ದಕ್ಕೆ ಕ್ಷಮೆ ಕೋರುತ್ತಿದ್ದಾಳೆ ಎಂದು ಅವರು ತಿಳಿದುಕೊಂಡರು. ಗ್ರಾಹಕರನ್ನು ವಿಚಾರಿಸಿದಾಗ ಏನೂ ಬಂದಿಲ್ಲವೆಂಬ ಉತ್ತರ ಸಿಕ್ಕಿತು. ಅಲ್ಲಿಂದ ಮುಂದೆ ಮರೆವಿನ ಪ್ರಶ್ನೆ ಹಿಂದೆ ಸರಿದು, ಸುಳ್ಳು ಹೇಳಿದ ಆರೋಪ ಮುಂದೆ ಬಂತು. ನಿಜ ಹೇಳಿದವಳೇ ಸುಳ್ಳುಗಾರ್ತಿಯೆನಿಸಿಕೊಂಡಳು. "ಸರ್, ನಾನು ಕಳುಹಿಸಿದ್ದೇನೆ ಅಂತ ಎಲ್ಲಿ ಬರೆದಿದ್ದೇನೆ?" ಎಂದು ಆ ಹುಡುಗಿ ಕಣ್ಣು ತುಂಬಿಕೊಂಡು ಕೇಳಿದಾಗ ನನಗೆ ಸಂಕಟವಾಯಿತು. ಅವಳು ಅಂದುಕೊಂಡದ್ದು 'ಕಳುಹಿಸಬೇಕಾಗಿತ್ತು' ಎಂದು. ಬರೆದದ್ದು 'ಕಳುಹಿಸಬೇಕಾಯಿತು' ಎಂದು.

ನನ್ನಲ್ಲಿಗೆ ಬರುವವರು ಸಾಮಾನ್ಯವಾಗಿ ಬೇರೊಂದು ಪ್ರಶ್ನೆಯನ್ನು ಹಿಡಿದುಕೊಂಡು ಬರುತ್ತಾರೆ. 'ಮಸ್ಟ್' ಎಂಬುದಕ್ಕೆ ಎಷ್ಟು ಬಿಗಿ, 'ಶುಡ್' ಎಂಬುದಕ್ಕೆ ಎಷ್ಟು ಬಿಗಿ ಎಂಬುದು ಅವರ ಕುತೂಹಲ. ಅದು ಒಳ್ಳೆಯ ಪ್ರಶ್ನೆಯೇ, ಉತ್ತರವೂ ಸುಲಭವಾಗಿ ಸಿಗುತ್ತದೆ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವವರು 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಈ ಪದಗಳ ಬೆಲೆಯನ್ನು ನಿಗದಿ ಮಾಡಿಯೇ ಇಟ್ಟಿದ್ದಾರೆ: 'ಮಸ್ಟ್' ಎಂದರೆ ವಿನಾಯಿತಿಯೇ ಇಲ್ಲದ ಅಗತ್ಯ, 'ಶುಡ್' ಎಂದರೆ ತಕ್ಕ ಕಾರಣವಿದ್ದಾಗ, ಪರಿಣಾಮವನ್ನು ತೂಗಿ ನೋಡಿ ಬಿಟ್ಟುಬಿಡಬಹುದಾದ ಶಿಫಾರಸು. ನಮ್ಮ ಕಾಯಿದೆಗಳ ಕನ್ನಡದಲ್ಲಿ ಬರುವ 'ತಕ್ಕದ್ದು' ಬಹುಮಟ್ಟಿಗೆ ಇಂಗ್ಲಿಷಿನ 'ಶಲ್' ಎಂಬುದಕ್ಕೆ ಸಮನಾದದ್ದು, ಅದರ ಬಿಗಿಯೆಷ್ಟೆಂದು ಕೊನೆಗೆ ನಿರ್ಧರಿಸುವುದು ನ್ಯಾಯಾಲಯ. ಅಲ್ಲಿ ನನ್ನಂಥವನ ಅಭಿಪ್ರಾಯಕ್ಕೆ ಸ್ಥಾನವಿಲ್ಲ, ವಕೀಲರನ್ನೇ ಕೇಳಬೇಕು. ಆದರೆ ಬಿಗಿ ಹೆಚ್ಚು ಕಡಿಮೆಯಾದ ಮಾತ್ರಕ್ಕೆ ಕೆಲಸ ಕಳೆದುಕೊಂಡವರನ್ನು ನಾನು ನೋಡಿಲ್ಲ. ಪೆಟ್ಟು ಬೀಳುವುದು ಈ ಪದಗಳನ್ನು ಭೂತಕಾಲಕ್ಕೆ ಒಯ್ಯುವಾಗ.

ಕಾರಣ ಹೀಗಿದೆ. ಕನ್ನಡದ 'ಬೇಕು' ಭೂತಕಾಲಕ್ಕೆ ಹೋಗುವಾಗ ಎರಡು ದಾರಿ ಹಿಡಿಯುತ್ತದೆ. 'ನಿನ್ನೆ ಆಸ್ಪತ್ರೆಗೆ ಹೋಗಬೇಕಾಯಿತು' ಎಂದರೆ ಅನಿವಾರ್ಯವಾಯಿತು, ಹೋದೆ. 'ನಿನ್ನೆ ಆಸ್ಪತ್ರೆಗೆ ಹೋಗಬೇಕಾಗಿತ್ತು' ಎಂದರೆ ಹೋಗುವುದಿತ್ತು, ಆದರೆ ಹೋಗಲಿಲ್ಲ. ಹೊಸನಗರದ ಅಜ್ಜಿಯಿಂದ ಹಿಡಿದು ಅಂಗನವಾಡಿಯ ಮಗುವಿನವರೆಗೆ ಇದರಲ್ಲಿ ಯಾರೂ ಎಡವುವುದಿಲ್ಲ. 'ಆಯಿತು' ಎಂಬಲ್ಲಿ ಕೆಲಸ ಆಗಿದೆ, 'ಇತ್ತು' ಎಂಬಲ್ಲಿ ಕೆಲಸ ಹಾಗೇ ಉಳಿದಿದೆ. ಇಂಗ್ಲಿಷ್ ಈ ಎರಡಕ್ಕೂ ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡಿದೆ: ಮೊದಲನೆಯದಕ್ಕೆ 'ಹ್ಯಾಡ್ ಟು ಗೋ', ಎರಡನೆಯದಕ್ಕೆ 'ಶುಡ್ ಹ್ಯಾವ್ ಗಾನ್'. ನಮ್ಮ ಶಾಲೆಗಳಲ್ಲಿ 'ಬೇಕು ಎಂದರೆ ಮಸ್ಟ್, ಅದರ ಭೂತಕಾಲ ಹ್ಯಾಡ್ ಟು' ಎಂದು ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿಸಿ ಮುಗಿಸುತ್ತಾರೆ. ಕನ್ನಡದಲ್ಲಿ ಎರಡಾಗಿರುವ ದಾರಿ ಆ ಸಾಲಿನಲ್ಲಿ ಒಂದೇ ಆಗಿಬಿಡುತ್ತದೆ. ನಾನೂ ಮೊದಲ ವರ್ಷಗಳಲ್ಲಿ ಹಾಗೆಯೇ ಪಾಠ ಮಾಡಿದ್ದೆ, ಆ ಮಕ್ಕಳಿಗೆ ಇದನ್ನು ಅಂದೇ ಬಿಡಿಸಿ ಹೇಳಬೇಕಿತ್ತು.

'ಮಸ್ಟ್' ಎಂಬ ಪದಕ್ಕೆ ತನ್ನದೇ ಭೂತಕಾಲವಿಲ್ಲದಿರುವುದು ಈ ಗೊಂದಲದ ಬೇರು. ಮೂಲದಲ್ಲಿ ಅದೇ ಒಂದು ಭೂತಕಾಲದ ರೂಪ; ಅದರ ವರ್ತಮಾನ ರೂಪವಾಗಿದ್ದ 'ಮೋಟ್' ಬಳಕೆಯಿಂದ ಬಿದ್ದುಹೋಗಿ, ಭೂತರೂಪವೇ ವರ್ತಮಾನದ ಜಾಗಕ್ಕೆ ಬಂದು ನಿಂತಿತು. 'ಶುಡ್' ಎಂಬುದೂ 'ಶಲ್' ಪದದ ಹಳೆಯ ಭೂತರೂಪ. 'ಆಟ್ ಟು' ಎಂಬುದು 'ಓ', ಅಂದರೆ ಸಾಲ ತೀರಿಸಬೇಕಾಗಿರು, ಎಂಬ ಕ್ರಿಯಾಪದದ ಭೂತರೂಪ. ಕರ್ತವ್ಯವನ್ನು ತೀರಿಸಬೇಕಾದ ಋಣವೆಂದು ನೋಡುವ ಬಗೆ ಅವರಲ್ಲೂ ಇತ್ತೆಂಬುದು ನನಗೆ ಯಾವತ್ತೂ ಸಂತೋಷ ಕೊಡುವ ಸಂಗತಿ. ಒಮ್ಮೆ ಹಿಂದಕ್ಕೆ ಹೋಗಿ ಬಂದಿರುವ ಈ ಪದಗಳನ್ನು ಮತ್ತೆ ಹಿಂದಕ್ಕೆ ಒಯ್ಯಲು ಇಂಗ್ಲಿಷಿಗೆ 'ಹ್ಯಾವ್' ಎಂಬ ಊರುಗೋಲು ಬೇಕಾಗುತ್ತದೆ. ಆದರೆ 'ಮಸ್ಟ್' ಜೊತೆಗೆ ಆ ಊರುಗೋಲು ಸೇರಿದರೆ ಬರುವ ಅರ್ಥ ಸಾಮಾನ್ಯವಾಗಿ ಕರ್ತವ್ಯದ್ದಲ್ಲ, ಊಹೆಯದು. 'ಶೀ ಮಸ್ಟ್ ಹ್ಯಾವ್ ಗಾನ್' ಎಂದರೆ 'ಅವಳು ಹೋಗಿರಬೇಕು'.

ಇಲ್ಲಿ ಎಡವಿದ ಒಬ್ಬ ಹಿರಿಯರ ನೆನಪಾಗುತ್ತದೆ. ಬಾಡಿಗೆಗೆ ಕೊಟ್ಟಿದ್ದ ಮನೆಯ ಛಾವಣಿ ಸೋರಿ, ಎರಡು ತಿಂಗಳು ಯಾರೂ ತಿಳಿಸದೆ, ಗೋಡೆಯೆಲ್ಲ ಹಾಳಾಗಿತ್ತು. ಬಾಡಿಗೆದಾರರು ಹೊರ ರಾಜ್ಯದವರು. 'ನೀವು ನನಗೆ ತಿಳಿಸಬೇಕಿತ್ತು' ಎಂದು ಗದರಿಸುವ ಉದ್ದೇಶದಿಂದ ಇವರು 'ಯೂ ಮಸ್ಟ್ ಹ್ಯಾವ್ ಇನ್ಫಾರ್ಮ್ಡ್ ಮಿ' ಎಂದು ಬರೆದರು. ಓದಿದವರಿಗೆ ಅದು 'ನೀವು ನನಗೆ ತಿಳಿಸಿರಬೇಕು, ನನಗೇ ಮರೆತಿರಬಹುದು' ಎಂದು ಕೇಳಿಸಿತು. ಹೌದು, ತಿಳಿಸಿದ್ದೆವು ಎಂದು ಅವರಿಂದ ಬಹಳ ವಿನಯದ ಉತ್ತರ ಬಂತು. ಆ ಉತ್ತರವನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದಾಗ ಅವರ ಕೈ ನಡುಗುತ್ತಿತ್ತು. ಕನ್ನಡದಲ್ಲಿ 'ತಿಳಿಸಬೇಕಿತ್ತು' ಮತ್ತು 'ತಿಳಿಸಿರಬೇಕು' ಎಂಬುದರ ನಡುವೆ ಇರುವ ದೂರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಬರೆಯಲು ಕುಳಿತ ಕೂಡಲೇ ಆ ತಿಳಿವಳಿಕೆಯನ್ನು ಬದಿಗಿಟ್ಟುಬಿಡಬೇಕೆಂದು ಅವರಿಗೆ ಯಾರು ಕಲಿಸಿದರೋ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 'ಬೇಕಾಗಿತ್ತು' ಎಂದಾಗಲೆಲ್ಲ ಕೆಲಸ ಆಗಿಲ್ಲವೆಂದೇ ಅರ್ಥವಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ, ಸಿಗಂದೂರು ಸೀಮೆಯ ಜನ ಸಾಗರ ಪಟ್ಟಣಕ್ಕೆ ಬರಲು ಲಾಂಚಿಗಾಗಿ ಕಾಯಬೇಕಾಗಿತ್ತು. ಆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಷ್ಟು ವರ್ಷವೂ ಅವರು ಕಾದರು, ಮಳೆಯಲ್ಲಿ ನೆನೆಯುತ್ತ, ರೋಗಿಗಳನ್ನು ಜೊತೆಗಿಟ್ಟುಕೊಂಡು ಕಾದರು. ಇಲ್ಲಿನ 'ಕಾಯಬೇಕಾಗಿತ್ತು' ಎಂಬುದಕ್ಕೆ 'ಹ್ಯಾಡ್ ಟು ವೇಟ್' ಎಂಬುದೇ ಸರಿಯಾದ ಇಂಗ್ಲಿಷ್. 'ಶುಡ್ ಹ್ಯಾವ್ ವೇಟೆಡ್' ಎಂದು ಬರೆದರೆ ಕಾಯದೇ ಹೊರಟುಹೋದದ್ದು ಅವರ ತಪ್ಪೆಂದಾಗುತ್ತದೆ. ನಿತ್ಯದ ರೂಢಿಯನ್ನೋ ದೀರ್ಘಕಾಲದ ಪರಿಸ್ಥಿತಿಯನ್ನೋ ಹೇಳುವಾಗ ಕನ್ನಡದ 'ಬೇಕಾಗಿತ್ತು' ನಡೆದ ಸಂಗತಿಯನ್ನೇ ಹೇಳುತ್ತದೆ. ಒಂದು ನಿರ್ದಿಷ್ಟ ದಿನದ ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಹೇಳುವಾಗ ಸಾಮಾನ್ಯವಾಗಿ ನಡೆಯದ ಸಂಗತಿಯನ್ನು ಹೇಳುತ್ತದೆ. ಆದ್ದರಿಂದ ಪದವನ್ನು ನೋಡಿ ಪದವನ್ನು ಇಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 'ಆ ಕೆಲಸ ಆಯಿತೇ, ಇಲ್ಲವೇ?' ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆಗಿದ್ದರೆ 'ಹ್ಯಾಡ್ ಟು' ಎಂದು ಬರೆಯಿರಿ, ಆಗಿಲ್ಲದಿದ್ದರೆ ಆ ಎರಡು ಪದಗಳನ್ನು ಮುಟ್ಟಬೇಡಿ. ಇಂಗ್ಲಿಷನ್ನೇ ಆಡಿ ಬೆಳೆದವರು 'ಹ್ಯಾಡ್ ಟು' ಎಂದು ಆರಂಭಿಸಿ, 'ಬಟ್ ಐ ಫರ್ಗಾಟ್' ಎಂದು ಅದೇ ವಾಕ್ಯದಲ್ಲಿ ಮುಗಿಸುವುದುಂಟು, ಅದು ತಪ್ಪಲ್ಲ. ಆದರೆ ಆ 'ಬಟ್' ಇಲ್ಲದಿದ್ದರೆ ಓದುವವರು ಕೆಲಸ ಆಗಿದೆಯೆಂದೇ ಸಾಮಾನ್ಯವಾಗಿ ತಿಳಿಯುತ್ತಾರೆ, ನಮ್ಮವರ ಪತ್ರಗಳಲ್ಲಿ ಆ 'ಬಟ್' ಸಾಮಾನ್ಯವಾಗಿ ಇರುವುದೇ ಇಲ್ಲ.

ಕೆಲಸ ಆಗಿಲ್ಲವೆಂದಾದರೆ ಮತ್ತೊಂದು ನಿರ್ಧಾರ ಉಳಿಯುತ್ತದೆ, ಅದನ್ನು ನಾನು ಬರೆಸುವವರಿಗೇ ಬಿಡುತ್ತೇನೆ. 'ಐ ಶುಡ್ ಹ್ಯಾವ್ ಸೆಂಟ್ ಇಟ್' ಎಂಬುದರಲ್ಲಿ ತಪ್ಪೊಪ್ಪಿಗೆ ಇದೆ: ಕಳುಹಿಸುವುದು ನನ್ನ ಕರ್ತವ್ಯವಾಗಿತ್ತು, ನಾನು ಅದನ್ನು ಮಾಡಲಿಲ್ಲ, ಅದು ಸರಿಯಲ್ಲವೆಂದು ನಾನೇ ಹೇಳುತ್ತಿದ್ದೇನೆ. 'ಐ ವಾಸ್ ಸಪೋಸ್ಡ್ ಟು ಸೆಂಡ್ ಇಟ್' ಎಂಬುದು ಏರ್ಪಾಡು ಹೀಗಿತ್ತೆಂದಷ್ಟೇ ಹೇಳುತ್ತದೆ, ತಪ್ಪು ಯಾರದೆಂಬುದನ್ನು ಅಲ್ಲಿಯೇ ತೀರ್ಮಾನಿಸುವುದಿಲ್ಲ. ಕಚೇರಿಯಿಂದ ಕಾರಣ ಕೇಳಿ ನೋಟಿಸು ಬಂದಿರುವಾಗ ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಅಂಥ ಉತ್ತರಗಳನ್ನು ನಾನು ಭಾಷೆಯ ಮಟ್ಟಿಗೆ ಮಾತ್ರ ತಿದ್ದುತ್ತೇನೆ. ಒಪ್ಪಿಕೊಳ್ಳಬೇಕೇ ಬೇಡವೇ ಎಂಬುದನ್ನು ಸೇವಾ ನಿಯಮ ಬಲ್ಲವರೊಂದಿಗೆ ಮಾತಾಡಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದ ಸಂದರ್ಭಗಳೂ ಇವೆ. ಆ ಹುಡುಗಿ ಮಾತ್ರ ಎರಡನ್ನೂ ಕೇಳಿಸಿಕೊಂಡು, "ತಪ್ಪು ನಂದೇ ಅಲ್ವಾ ಸರ್, ಶುಡ್ ಹ್ಯಾವ್ ಅಂತಾನೇ ಹಾಕಿ" ಎಂದಳು. ಮೊದಲ ಪತ್ರದಲ್ಲಿ ಆದ ಗೊಂದಲವನ್ನೂ ಎರಡು ಸಾಲಿನಲ್ಲಿ ವಿವರಿಸಿ ಬರೆದೆವು. ಅವಳ ಕೆಲಸ ಉಳಿಯಿತು.

ನಿಷೇಧದ ಕಡೆಗೆ ಬಂದರೂ ಕನ್ನಡವನ್ನು ನಂಬಿದವರಿಗೆ ದಾರಿ ನೇರವಾಗಿಯೇ ಇದೆ. 'ಬಾರದು' ಎಂಬಲ್ಲಿ 'ಮಸ್ಟ್ ನಾಟ್', 'ಬೇಕಾಗಿಲ್ಲ' ಎಂಬಲ್ಲಿ 'ಡೋಂಟ್ ಹ್ಯಾವ್ ಟು'. ಆಗುಂಬೆ ಕಡೆಯ ಒಂದು ಹೋಂಸ್ಟೇಯವರು 'ಅತಿಥಿಗಳು ಮುಂಗಡ ಕೊಡಬೇಕಾಗಿಲ್ಲ' ಎಂಬುದನ್ನು 'ಗೆಸ್ಟ್ಸ್ ಮಸ್ಟ್ ನಾಟ್ ಪೇ ಅಡ್ವಾನ್ಸ್' ಎಂದು ಬರೆದು ತಂದಿದ್ದರು. ಮುಂಗಡ ಕೊಡುವುದೇ ಅಪರಾಧವೆಂಬಂತೆ ಅದು ಓದಿಸಿಕೊಳ್ಳುತ್ತಿತ್ತು. ಭೂತಕಾಲದಲ್ಲಿಯೂ ಅಷ್ಟೇ: 'ಹಾಗೆ ಹೇಳಬಾರದಿತ್ತು' ಎಂದು ಕ್ಷಮೆ ಕೇಳುವಾಗ 'ಶುಡ್ ನಾಟ್ ಹ್ಯಾವ್ ಸೆಡ್' ಎಂದೇ ಬರೆಯಬೇಕು.

ಈ ಜುಲೈ ಕೊನೆಯಲ್ಲಿ ಒಬ್ಬ ಅಡಿಕೆ ಬೆಳೆಗಾರರು ತಮ್ಮ ಮಗನಿಂದ ಬರೆಸಿದ ಪತ್ರವೊಂದನ್ನು ತಿದ್ದಲು ಕಳುಹಿಸಿದರು. ಹೊರ ರಾಜ್ಯದಲ್ಲಿ ಮುಖ್ಯ ಕಚೇರಿಯಿರುವ, ಸಾಲ ಕೊಟ್ಟ ಸಂಸ್ಥೆಯೊಂದಕ್ಕೆ ಕಂತಿನ ಗಡುವು ಮುಂದೂಡಲು ಮಾಡಿದ ಮನವಿ ಅದು. ತೋಟಕ್ಕೆ ಕೊಳೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಬಂದಿತ್ತು. ಕೊಳೆ ತಡೆಯಲು ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ, 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಹೊಡೆಸುವುದು ಮಲೆನಾಡಿನ ಎಲ್ಲರಿಗೂ ಗೊತ್ತು. ಮಗ ಬರೆದಿದ್ದ: 'ವಿ ಹ್ಯಾಡ್ ಟು ಸ್ಪ್ರೇ ಅಗೇನ್ ಇನ್ ಜುಲೈ. ದ ಕ್ರಾಪ್ ಈಸ್ ಲಾಸ್ಟ್.' ಇದನ್ನು ಓದುವ ಅಧಿಕಾರಿಗೆ, ಎರಡನೆಯ ಬಾರಿಯೂ ಔಷಧಿ ಹೊಡೆಸಿದ್ದಾರೆ, ಆದರೂ ಬೆಳೆ ಹೋಗಿದೆ ಎಂದು ಅನ್ನಿಸುತ್ತದೆ. ನಾಳೆ ಅವರು ಔಷಧಿಯ ರಸೀದಿ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ಕೂಲಿಯ ಲೆಕ್ಕ ಕೇಳಿದರೆ ಇವರು ಎಲ್ಲಿಂದ ತರಬೇಕು? ರಾತ್ರಿಯೇ ದೂರವಾಣಿ ಮಾಡಿ, "ಎರಡನೇ ಸಲ ಹೊಡೆಸಿದ್ರೋ, ಇಲ್ವೋ? ಅದೊಂದು ಹೇಳಿ" ಎಂದು ಕೇಳಿದೆ.

"ಎಲ್ಲಿ ಹೊಡೆಸೋದು ಮಾರಾಯ್ರೆ, ಹೊಡೆಸ್ಬೇಕಿತ್ತು. ಮಳೆ ಬಿಡಬೇಕಲ್ಲ ಮೇಷ್ಟ್ರೇ?" ಎಂದರು.

ಆ ಎರಡನೆಯ 'ಬೇಕು' ಯಾರ ಕರ್ತವ್ಯವೂ ಅಲ್ಲ, ಅದಕ್ಕೆ 'ಮಸ್ಟ್' ಅಥವಾ 'ಶುಡ್' ಹಾಕಿದರೆ ಮಳೆಯ ಮೇಲೆಯೇ ಹೊಣೆ ಹೊರಿಸಿದಂತಾಗುತ್ತದೆ. ಮೊದಲನೆಯದಕ್ಕೂ 'ಶುಡ್ ಹ್ಯಾವ್' ಬೇಡವೆನಿಸಿತು, ಏಕೆಂದರೆ ಮಾಡದೇ ಉಳಿದದ್ದು ಅವರ ಅಲಕ್ಷ್ಯದಿಂದಲ್ಲ. ಎರಡನೆಯ ಸಿಂಪಡಣೆ ಜುಲೈನಲ್ಲಿ ನಡೆಯುವುದಿತ್ತು, ಮಳೆ ಒಂದು ದಿನವೂ ಬಿಡುವು ಕೊಡದ ಕಾರಣ ನಡೆಯಲಿಲ್ಲ ಎಂದು 'ವಾಸ್ ಡ್ಯೂ' ಎಂಬ ಮಾತಿನಿಂದ ಆರಂಭಿಸಿ ಆ ವಾಕ್ಯವನ್ನು ಬರೆದು, ಬೆಳಿಗ್ಗೆ ಮೊದಲ ಬಸ್ಸಿಗೆ ಪತ್ರವನ್ನು ಕಳುಹಿಸಿಕೊಟ್ಟೆ.