ಏಲಕ್ಕಿ ಬಾಳೆ ಯಾಕೆ ಪಚ್ಚಬಾಳೆಗಿಂತ ಡಬಲ್ ರೇಟು, ಅದ್ರಲ್ಲಿ ಶಕ್ತಿ ಜಾಸ್ತಿ ಇದ್ಯಾ?

ಪ್ರಶ್ನೆ: ಅಂಗಡಿಲಿ ಏಲಕ್ಕಿ ಬಾಳೆಹಣ್ಣು ಯಾವಾಗ್ಲೂ ಪಚ್ಚಬಾಳೆಗಿಂತ ಹೆಚ್ಚುಕಮ್ಮಿ ಡಬಲ್ ರೇಟು ಇರತ್ತೆ. ಅದ್ರಲ್ಲಿ ನಿಜವಾಗ್ಲೂ ಶಕ್ತಿ ಜಾಸ್ತಿನಾ ಅಥವಾ ಸುಮ್ನೆ ಡಿಮ್ಯಾಂಡ್ ಅಂತ ಏರಿಸ್ತಾರಾ? ಪಚ್ಚಬಾಳೆ ಬರೀ ಹೈಬ್ರಿಡ್, ತಿನ್ಬಾರ್ದು ಅಂತಾರಲ್ಲ, ಅದು ಎಷ್ಟು ನಿಜ?

ಉತ್ತರ: ಶಕ್ತಿಗೂ ರೇಟಿಗೂ ಸಂಬಂಧ ಇಲ್ಲ. ಬಾಳೆಹಣ್ಣಿನ ರೇಟ್ ಡಿಸೈಡ್ ಆಗೋದು ತೋಟದಲ್ಲಿ, ಗೊನೆ ಎಷ್ಟು ತೂಗತ್ತೆ, ಎಷ್ಟು ತಿಂಗಳಿಗೆ ಕಟಾವಿಗೆ ಬರತ್ತೆ, ರೋಗಕ್ಕೆ ಎಷ್ಟು ಗಿಡ ಹೋಗತ್ತೆ ಅನ್ನೋದ್ರ ಮೇಲೆ. ಹಬ್ಬದ ಡಿಮ್ಯಾಂಡ್ ಅನ್ನೋದು ಅದ್ರ ಮೇಲಿನ ಒಗ್ಗರಣೆ ಅಷ್ಟೇ.

ಲೆಕ್ಕ ಹಾಕಿ ನೋಡಿ. ಈಗ ಪಚ್ಚಬಾಳೆ ಅಂತ ಸಿಗೋದ್ರಲ್ಲಿ ಬಹುಪಾಲು ಕ್ಯಾವೆಂಡಿಶ್ ಗುಂಪಿನ ಜಿ-9, ಅಂದ್ರೆ ಗ್ರ್ಯಾಂಡ್ ನೈನ್ ತಳಿ, ರೋಬಸ್ಟಾ ಕೂಡ ಇದೇ ಗುಂಪು. ಟಿಷ್ಯೂ ಕಲ್ಚರ್ ಗಿಡ (ಗಿಡದ ತುಣುಕಿಂದ ಮಾಡಿದ ಸಸಿ) ತಂದು ಡ್ರಿಪ್ ಹಾಕಿ ಗೊಬ್ಬರ ಸರಿಯಾಗಿ ಕೊಟ್ರೆ 11-12 ತಿಂಗಳಿಗೆ ಗೊನೆ ಕಟಾವು, ಒಂದೊಂದು ಗೊನೆ 25 ಕೆಜಿ ಮೇಲೆನೇ ಬರತ್ತೆ. ಆರಡಿಗೆ ಆರಡಿ ಹಾಕಿದ್ರೆ ಎಕರೆಗೆ ಸುಮಾರು 1,200 ಗಿಡ, ಅಲ್ಲಿಗೆ 30 ಟನ್. ಅದೇ ಜಾಗದಲ್ಲಿ ಅಷ್ಟೇ ಏಲಕ್ಕಿ ಗಿಡ ಹಾಕಿದ್ರಿ ಅಂತ ಇಟ್ಕೊಳ್ಳಿ, ಗೊನೆ ಸಾಮಾನ್ಯವಾಗಿ 10ರಿಂದ 15 ಕೆಜಿ (ತುಂಬಾ ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಜಾಸ್ತಿ ತೆಗೆಯೋರು ಇದಾರೆ), 12 ಅಂತ ಹಿಡಿದ್ರೆ ಹದಿನಾಲ್ಕೂವರೆ ಟನ್ ಹತ್ರ ಬಂದು ನಿಲ್ಲತ್ತೆ, ಕಟಾವಿಗೆ 12ರಿಂದ 14 ತಿಂಗಳು ಬೇರೆ ಕಾಯ್ಬೇಕು. ನೀರು ಅಷ್ಟೇ, ಆಳು ಅಷ್ಟೇ, ಮಾಲು ಅರ್ಧ. ಡಬಲ್ ರೇಟ್ ಸಿಗ್ಲಿಲ್ಲ ಅಂದ್ರೆ ರೈತ ಯಾಕೆ ಏಲಕ್ಕಿ ಹಾಕ್ತಾನೆ ಹೇಳಿ.

ಇದ್ರ ಮೇಲೆ ಪನಾಮ ಸೊರಗು ರೋಗ. ಇದು ಮಣ್ಣಲ್ಲಿರೋ ಫ್ಯುಸೇರಿಯಂ ಅನ್ನೋ ಶಿಲೀಂಧ್ರ, ಬೇರಿಂದ ಒಳಗೆ ಹೋಗಿ ನೀರು ಹರಿಯೋ ನಾಳಗಳನ್ನೇ ಕಟ್ಟಿಹಾಕತ್ತೆ, ಕೆಳಗಿನ ಎಲೆಗಳಿಂದ ಶುರುವಾಗಿ ಹಳದಿ ಆಗಿ ಜೋತುಬಿದ್ದು ಗಿಡ ಸೊರಗತ್ತೆ, ಕಾಂಡ ಸೀಳಿ ನೋಡಿದ್ರೆ ಒಳಗೆ ಕೆಂಪು ಕಂದು ಗೆರೆ ಕಾಣತ್ತೆ. ಔಷಧಿ ಹೊಡೆದು ವಾಸಿ ಮಾಡೋ ರೋಗ ಅಲ್ಲ ಇದು, ಒಂದ್ಸಲ ಮಣ್ಣಿಗೆ ಬಂತು ಅಂದ್ರೆ ದಶಕಗಳ ಕಾಲ ಅಲ್ಲೇ ಇರತ್ತೆ. ಏಲಕ್ಕಿ ಈ ರೋಗಕ್ಕೆ ಬೇಗ ಬಗ್ಗೋ ಜಾತಿ. ಪಚ್ಚಬಾಳೆ ಈ ರೋಗದ ಹಳೇ ಬಗೆಗೆ ಜಗ್ಗಲ್ಲ (ಹೊಸ ಬಗೆ ವಿಷಯ ಕೊನೆಗೆ ಹೇಳ್ತೀನಿ). ಪಕ್ಕದ ತೋಟದಿಂದ ಕಂದು (ತಾಯಿ ಗಿಡದ ಬುಡದಲ್ಲಿ ಬರೋ ಮರಿ ಗಿಡ) ಕಿತ್ಕೊಂಡು ಬಂದು ನೆಡೋ ಪದ್ಧತಿ ಇದ್ಯಲ್ಲ, ಅದ್ರಲ್ಲೇ ರೋಗನೂ ಜೊತೆಗೆ ಬರತ್ತೆ, ಹಾಗಾಗಿ ಏಲಕ್ಕಿ ಹಾಕೋರಿಗೆ ಕಂದು ಎಲ್ಲಿಂದ ತರ್ತೀವಿ ಅನ್ನೋದೇ ಅರ್ಧ ಬೇಸಾಯ.

ರಸಬಾಳೆ ಕತೆ ಇನ್ನೂ ಬೇಜಾರಿಂದು. ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ (ಇಂಥ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಇದೆ, ಹೆಸರಿದೆ, ಹಣ್ಣು ಮಾತ್ರ ಹುಡುಕಬೇಕು, ನಂಜನಗೂಡು ಸುತ್ತಮುತ್ತ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದದ್ದು ಈ ಸೊರಗು ರೋಗಕ್ಕೇ ಮುಕ್ಕಾಲು ಪಾಲು ಹೋಯ್ತು. ಇದು ರಸ್ತಾಳಿ ಗುಂಪಿನ ಹಣ್ಣು, ಬಂಗಾಳದಲ್ಲಿ ಮರ್ತಮಾನ್, ಬಿಹಾರದಲ್ಲಿ ಮಾಲಭೋಗ್, ಆಂಧ್ರದಲ್ಲಿ ಅಮೃತಪಾಣಿ ಅಂತ ಕರೆಯೋದೂ ಇದೇ ಗುಂಪನ್ನ. ಎಲ್ಲಾ ಕಡೆನೂ ಇದನ್ನ ತಲೆ ಮೇಲೆ ಹೊತ್ಕೋತಾರೆ, ಎಲ್ಲಾ ಕಡೆನೂ ಸೊರಗು ರೋಗದ್ದೇ ಗೋಳು. ಬಿಸಿಲಿಗೆ ಸಿಪ್ಪೆ ಸೀಳತ್ತೆ ಅಂತ ಗೊನೆಗೆ ಹೊದಿಕೆ ಹಾಕ್ಬೇಕು, ಕೆಲವು ಹಣ್ಣಲ್ಲಿ ತಿರುಳಿನ ಮಧ್ಯೆ ಗಟ್ಟಿ ಗಂಟು ಆಗತ್ತೆ, ಹಣ್ಣಾದ್ಮೇಲೆ ಚಿಪ್ಪಿಂದ ಉದುರತ್ತೆ. ಇಷ್ಟೆಲ್ಲಾ ಕಾಟ ಕೊಟ್ರೂ ಒಂದು ಒಳ್ಳೆ ರಸಬಾಳೆ ತಿಂದೋರು ಬೇರೆ ಬಾಳೆಹಣ್ಣಿನ ಬಗ್ಗೆ ಮಾತಾಡಲ್ಲ. ಆದ್ರೆ ಗಾಡಿಲಿ ರಸಬಾಳೆ ಅಂತ ಕೂಗಿ ಮಾರೋದೆಲ್ಲಾ ನಂಜನಗೂಡಿಂದೇ ಅಂತ ನಂಬೋದು ಬೇಡ, ರಸ್ತಾಳಿ ಬೇರೆ ಕಡೆಯಿಂದನೂ ಬರತ್ತೆ.

ಈಗ ಹೈಬ್ರಿಡ್ ವಿಷಯ. ಪಚ್ಚಬಾಳೆ ಲ್ಯಾಬಲ್ಲಿ ಹುಟ್ಟಿಸಿದ ಹಣ್ಣಲ್ಲ. ಟಿಷ್ಯೂ ಕಲ್ಚರ್ ಅಂದ್ರೆ ಇರೋ ಗಿಡದ್ದೇ ತುಣುಕಿಂದ ಸಾವಿರಾರು ಸಸಿ ಮಾಡೋದು, ಕಂದು ನೆಟ್ಟ ಹಾಗೇನೇ, ತಳಿ ಬದಲಾಗಲ್ಲ, ಈಗ ಏಲಕ್ಕಿನೂ ಟಿಷ್ಯೂ ಕಲ್ಚರಲ್ಲಿ ಸಿಗತ್ತೆ. ನಾವು ತಿನ್ನೋ ಬಾಳೆಗಳಿಗೆಲ್ಲಾ ಮೂಲ ಎರಡು ಕಾಡುಬಾಳೆ, ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ, ವಿಜ್ಞಾನಿಗಳು ಇವನ್ನ ಎ ಮತ್ತು ಬಿ ಅಂತ ಬರೀತಾರೆ, ಗಿಡದಲ್ಲಿರೋ ಒಂದೊಂದು ಸೆಟ್ ಕ್ರೋಮೋಸೋಮಿಗೆ ಒಂದೊಂದು ಅಕ್ಷರ. ಪಚ್ಚಬಾಳೆ ಎಎಎ, ಪೂರ್ತಿ ಎ ಕಡೆಯಿಂದ ಬಂದದ್ದು. ಏಲಕ್ಕಿ ಎಬಿ, ಮಲೆನಾಡಿನ ಪುಟ್ಟಬಾಳೆನೂ ಎಬಿ ಗುಂಪಿಂದೇ. ರಸಬಾಳೆ ಎಎಬಿ. ಅಂದ್ರೆ ಎರಡು ಜಾತಿ ಬೆರೆತು ಹುಟ್ಟಿದ್ದು ಹೈಬ್ರಿಡ್ ಅನ್ನೋದಾದ್ರೆ ನೀವು ನಾಟಿ ಅಂತ ಪ್ರೀತಿಯಿಂದ ಕೊಳ್ಳೋ ಏಲಕ್ಕಿನೇ ಹೈಬ್ರಿಡ್, ಆ ಬೆರಕೆ ಪ್ರಕೃತಿಯಲ್ಲೇ ಯಾವತ್ತೋ ಆಗಿರೋದು. ಇದನ್ನ ಹೇಳಿದ್ರೆ ಕೆಲವರಿಗೆ ಸಿಟ್ಟೇ ಬರತ್ತೆ.

ಈ ಎ-ಬಿ ಲೆಕ್ಕ ಗೊತ್ತಿದ್ರೆ ಹಣ್ಣಿನ ಗುಣ ಅರ್ಧ ಅರ್ಥ ಆಗತ್ತೆ. ಎ ಜಾಸ್ತಿ ಇದ್ರೆ ಮೆತ್ತಗೆ ಸಿಹಿಯಾಗಿರೋ ಹಣ್ಣು, ಬಿ ಜಾಸ್ತಿ ಆದಷ್ಟೂ ಗಿಡ ಗಟ್ಟಿ, ನೀರು ಕಮ್ಮಿ ಆದ್ರೂ ತಡ್ಕೊಳತ್ತೆ, ಕಾಯಲ್ಲಿ ಪಿಷ್ಟ ಜಾಸ್ತಿ. ಪಲ್ಯಕ್ಕೆ, ಬಜ್ಜಿಗೆ ಹೋಗೋ ಮೊಂಥನ್ ಥರದ್ದು ಎಬಿಬಿ. ತಮಿಳುನಾಡಿನ ಕರ್ಪೂರವಳ್ಳಿನೂ ಎಬಿಬಿನೇ, ಸಿಪ್ಪೆ ಮೇಲೆ ಬೂದಿ ಬಳಿದ ಹಾಗೆ ಮೇಣದ ಪುಡಿ ಇರತ್ತೆ, ಆದ್ರೆ ಅದು ತುಂಬಾ ಸಿಹಿ ಹಣ್ಣು, ಹಾಗಾಗಿ ಬಿ ಇದ್ರೆ ಬರೀ ಅಡುಗೆಗೆ ಅಂತ ರೂಲ್ ಮಾಡ್ಕೋಬೇಡಿ. ಕೇರಳದ ನೇಂದ್ರ ಎಎಬಿ, ಆದ್ರೂ ಪಿಷ್ಟದ ಹಣ್ಣು, ಅದಕ್ಕೇ ತೆಂಗಿನೆಣ್ಣೆಲಿ ಚಿಪ್ಸ್ ಕರಿದ್ರೆ ಅಷ್ಟು ಗರಿಗರಿ, ಪಚ್ಚಬಾಳೆ ಕಾಯಿ ತಗೊಂಡು ಆ ರುಚಿ ತರ್ತೀನಿ ಅಂದ್ರೆ ಆಗಲ್ಲ. ತ್ರಿಶೂರ್ ಕಡೆಯ ಚೆಂಗಾಲಿಕೋಡನ್ ನೇಂದ್ರಕ್ಕೂ ಜಿಐ ಇದೆ, ಓಣಂ ಟೈಮಲ್ಲಿ ಗುರುವಾಯೂರು ದೇವಸ್ಥಾನಕ್ಕೆ ಕಾಣಿಕೆ ಗೊನೆ ಒಪ್ಪಿಸ್ತಾರೆ. ಅಸ್ಸಾಂನ ಭೀಮಕೋಲ್ ಅಂತೂ ಬೀಜ ಇರೋ ಬಾಳೆ, ಆದ್ರೂ ಅಲ್ಲಿ ಮಕ್ಕಳಿಗೆ ಮೊದಲ ಆಹಾರ ಅಂತ ಅದನ್ನೇ ಕೊಡ್ತಾರೆ.

ಪಚ್ಚಬಾಳೆಲಿ ಇನ್ನೊಂದು ಮಜಾ ಇದೆ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಸೂಪರ್ ಮಾರ್ಕೆಟ್ಟಲ್ಲಿ ಸಿಗೋ ಹಳದಿ ಉದ್ದ ಬಾಳೆಹಣ್ಣು, ಗಾಡಿಲಿ ಸಿಗೋ ಹಸಿರು ಪಚ್ಚಬಾಳೆ ಎರಡೂ ಒಂದೇ ಗುಂಪಿನ ಹಣ್ಣು. ಕ್ಯಾವೆಂಡಿಶ್ ಹಣ್ಣು ಸುಮಾರು 24-25 ಡಿಗ್ರಿಗಿಂತ ಬಿಸಿ ಇರೋ ಕಡೆ ಮಾಗಿದ್ರೆ ಒಳಗೆ ತಿರುಳು ಹಣ್ಣಾಗತ್ತೆ, ಸಿಪ್ಪೆಯ ಹಸಿರು ಮಾತ್ರ ಪೂರ್ತಿ ಹೋಗಲ್ಲ. ನಮ್ಮ ಊರುಗಳ ಗೋಡೌನಲ್ಲಿ ಮಾಗಿದ್ರೆ ಹಸಿರು, ರೈಪನಿಂಗ್ ಚೇಂಬರಲ್ಲಿ 16-18 ಡಿಗ್ರಿ ಇಟ್ಟು ಮಾಗಿಸಿದ್ರೆ ಹಳದಿ. ಏಲಕ್ಕಿಗೆ ಈ ತೊಂದ್ರೆ ಇಲ್ಲ, ಬಿಸಿಲೂರಲ್ಲೂ ಬಂಗಾರದ ಬಣ್ಣಕ್ಕೆ ತಿರುಗತ್ತೆ. ಹಾಗಾಗಿ ಹಳದಿ ಇದ್ದದ್ದೆಲ್ಲಾ ಕೆಮಿಕಲ್, ಹಸಿರು ಇದ್ದದ್ದು ನ್ಯಾಚುರಲ್ ಅನ್ನೋ ಮಾತಿಗೆ ಅರ್ಥ ಇಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸೋದು ನಮ್ಮ ದೇಶದಲ್ಲಿ ನಿಷೇಧ, ಅದ್ರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರೋದೇ ಕಾರಣ. ಚೇಂಬರಲ್ಲಿ ಬಿಡೋ ಎಥಿಲೀನ್ ಗ್ಯಾಸಿಗೆ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಲಿ 100 ಭಾಗ) ತನಕ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅನುಮತಿ ಇದೆ, ಎಥಿಲೀನ್ ಅನ್ನೋದು ಹಣ್ಣು ತಾನಾಗೇ ಮಾಗೋವಾಗ್ಲೂ ಬಿಡೋ ಗ್ಯಾಸೇ. "ತೊಟ್ಟು ಹಸಿರು, ಮೈ ಹಳದಿ ಇದ್ರೆ ಕಾರ್ಬೈಡ್" ಅಂತ ವಾಟ್ಸಾಪಲ್ಲಿ ಓಡಾಡತ್ತಲ್ಲ, ಅದನ್ನೂ ನಂಬಬೇಡಿ, ಎಥಿಲೀನಲ್ಲಿ ಸರಿಯಾಗಿ ಮಾಗಿಸಿದ ಹಣ್ಣೂ ಒಂದು ಹಂತದಲ್ಲಿ ಹಾಗೇ ಕಾಣತ್ತೆ.

ಶಕ್ತಿ ವಿಷಯಕ್ಕೆ ವಾಪಸ್ ಬರ್ತೀನಿ. ಪಚ್ಚಬಾಳೆ ತಿರುಳು 100 ಗ್ರಾಂಗೆ ಸುಮಾರು 90 ಕ್ಯಾಲರಿ, ಪೊಟ್ಯಾಸಿಯಂ 350 ಮಿಲಿಗ್ರಾಂ ಆಸುಪಾಸು. ಏಲಕ್ಕಿ ಇದಕ್ಕಿಂತ ಸ್ವಲ್ಪ ಸಿಹಿ, ತಿರುಳು ಗಟ್ಟಿ, ಹಾಗಾಗಿ ತೂಕಕ್ಕೆ ತೂಕ ನೋಡಿದ್ರೆ ಸಕ್ಕರೆ ಕೂಡ ಸ್ವಲ್ಪ ಜಾಸ್ತಿನೇ ಹೊರತು ಔಷಧಿ ಗುಣ ಏನೂ ಬೇರೆ ಇಲ್ಲ. ಶುಗರ್ ಇರೋರು ಏಲಕ್ಕಿ ಆದ್ರೆ ಪರವಾಗಿಲ್ಲ ಅಂತ ಒಂದರ ಮೇಲೊಂದು ಐದಾರು ತಿಂತಾರೆ, ಸಣ್ಣ ಹಣ್ಣು ಅಂತ, ಅದು ಸರಿ ಅಲ್ಲ. ಜಾತಿಗಿಂತ ಎಷ್ಟು ಮಾಗಿದೆ, ಎಷ್ಟು ತಿಂದ್ರಿ ಅನ್ನೋದೇ ಮುಖ್ಯ, ಕಾಯಲ್ಲಿ ಪಿಷ್ಟ ಆಗಿದ್ದದ್ದು ಮಾಗ್ತಾ ಸಕ್ಕರೆ ಆಗತ್ತೆ, ಚುಕ್ಕೆ ಬಂದ ಹಣ್ಣಲ್ಲಿ ಜಾಸ್ತಿ. ಎಷ್ಟು ತಿನ್ಬಹುದು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಕೊಳ್ಳೋವಾಗ ರೇಟಲ್ಲಿ ಇನ್ನೊಂದು ನೋಡ್ಬೇಕಾದ್ದಿದೆ. ಪಚ್ಚಬಾಳೆ ತೂಕದಲ್ಲಿ ಮೂರನೇ ಒಂದು ಪಾಲಿಗೆ ಕಮ್ಮಿ ಇಲ್ಲದ ಹಾಗೆ ಸಿಪ್ಪೆನೇ ಇರತ್ತೆ, ಏಲಕ್ಕಿ ಸಿಪ್ಪೆ ತೆಳು. ಕೆಜಿ ರೇಟ್ ಡಬಲ್ ಕಂಡ್ರೂ ಬಾಯಿಗೆ ಹೋಗೋ ತಿರುಳಿನ ಲೆಕ್ಕದಲ್ಲಿ ವ್ಯತ್ಯಾಸ ಅಷ್ಟಿರಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ ಟೈಮಲ್ಲಿ ಮಾತ್ರ ಈ ಲೆಕ್ಕ ಎಲ್ಲಾ ತಲೆಕೆಳಗು, ತಾಂಬೂಲಕ್ಕೆ, ನೈವೇದ್ಯಕ್ಕೆ ಎಲ್ಲರಿಗೂ ಏಲಕ್ಕಿನೇ ಬೇಕು, ಬೆಂಗಳೂರಲ್ಲಿ ಕೆಜಿ 100 ರೂಪಾಯಿ ದಾಟಿದ್ದೂ ಉಂಟು. ಬಾಳೆ ಗಿಡಕ್ಕೆ ಹಬ್ಬದ ಕ್ಯಾಲೆಂಡರ್ ಗೊತ್ತಿರಲ್ಲ, ಒಂದು ವರ್ಷದ ಹಿಂದೆ ಎಷ್ಟು ನೆಟ್ಟಿದ್ರೋ ಅಷ್ಟೇ ಬರೋದು.

ಏಲಕ್ಕಿಗಿಂತಲೂ ದುಬಾರಿ ಅಂದ್ರೆ ಕೆಂಪು ಬಾಳೆ, ನಮ್ಮಲ್ಲಿ ಚಂದ್ರಬಾಳೆ ಅಂತಾರೆ, ಕಲಬುರಗಿಯ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಅದಕ್ಕೂ ಕಾರಣ ಇದೇ ಲೆಕ್ಕನೇ, ಸುಮಾರು ಒಂದೂವರೆ ವರ್ಷ ಜಮೀನು ಹಿಡ್ಕೊಂಡು ಕೂರತ್ತೆ. ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆನೂ ಹಾಗೇ, ಪಳನಿ ಪಂಚಾಮೃತಕ್ಕೆ ಹೋಗೋ ಹಣ್ಣು, ಬೆಟ್ಟದ ತಂಪಲ್ಲಿ ಕಾಫಿ ತೋಟದ ಮಧ್ಯೆ ಬೆಳೆಯೋದು, ಅದನ್ನ ತುದಿಗೊಂಚಲು ರೋಗ ತುಂಬಾ ಕಾಡಿದೆ.

ಹಂಗಂತ ಪಚ್ಚಬಾಳೆ ಯಾವಾಗ್ಲೂ ಅಗ್ಗವಾಗೇ ಇರತ್ತೆ ಅಂತ ಗ್ಯಾರಂಟಿ ಇಲ್ಲ. ಸೊರಗು ರೋಗದ ಹೊಸ ಬಗೆ ಟಿಆರ್-4 ಕ್ಯಾವೆಂಡಿಶ್ಶನ್ನೇ ಹಿಡಿಯತ್ತೆ, ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲಿ ಈಗಾಗ್ಲೇ ಕಾಣಿಸ್ಕೊಂಡಿದೆ. ಲ್ಯಾಟಿನ್ ಅಮೆರಿಕದಲ್ಲಿ 1950-60ರ ದಶಕದ ಹೊತ್ತಿಗೆ ಗ್ರೋ ಮಿಶೆಲ್ ಅನ್ನೋ ತಳಿ ಎಕ್ಸ್‌ಪೋರ್ಟ್ ಮಾರ್ಕೆಟ್ಟಿಂದಲೇ ಹೋಗಿದ್ದು ಇದೇ ರೋಗದ ಹಳೇ ಬಗೆಯಿಂದ, ಅದ್ರ ಜಾಗಕ್ಕೆ ಬಂದದ್ದೇ ಕ್ಯಾವೆಂಡಿಶ್. ಎಲ್ಲಾ ಗಿಡನೂ ಒಂದೇ ಗಿಡದ ನಕಲು ಆಗಿರೋದ್ರಿಂದ ಒಂದಕ್ಕೆ ಬಂದ್ರೆ ಎಲ್ಲದಕ್ಕೂ ಬರತ್ತೆ. ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಶುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರ ದೇಶದ ತಳಿಗಳನ್ನೆಲ್ಲಾ ಸಂಗ್ರಹ ಮಾಡಿ ಇಟ್ಕೊಂಡಿರೋದು ಇಂಥ ದಿನಕ್ಕೂ ಬೇಕಾಗತ್ತೆ.

ನನ್ನ ಕೇಳಿದ್ರೆ ಮಿಲ್ಕ್‌ಶೇಕಿಗೆ, ಸ್ಕೂಲ್ ಮಕ್ಕಳ ಡಬ್ಬಿಗೆ, ಬೆಳಿಗ್ಗೆ ಹಸಿವಿಗೆ ಪಚ್ಚಬಾಳೆ ಸಾಕು, ಅದಕ್ಕೆ ಜಾಸ್ತಿ ದುಡ್ಡು ಕೊಡೋದು ವೇಸ್ಟ್. ಊಟ ಆದ್ಮೇಲೆ ಸುಮ್ನೆ ತಿನ್ನೋಕೆ ಏಲಕ್ಕಿ, ರಸಾಯನಕ್ಕೂ ಅದೇ, ಹೋಳು ಗಟ್ಟಿಯಾಗಿ ನಿಲ್ಲತ್ತೆ. ಏಲಕ್ಕಿ ಮನೆಗೆ ತಂದ್ಮೇಲೆ ಸಿಪ್ಪೆ ತೆಳ್ಳಗಾಗಿ ಸಣ್ಣ ಕಪ್ಪು ಚುಕ್ಕೆ ಬರೋ ತನಕ ಬಿಡಿ, ಅದಕ್ಕೂ ಮುಂಚೆ ತಿಂದ್ರೆ ಒಗರು. ಯಾವ ಬಾಳೆನೂ ಫ್ರಿಜ್ಜಲ್ಲಿ ಇಡಬೇಡಿ, 13 ಡಿಗ್ರಿಗಿಂತ ತಂಪಾದ್ರೆ ಸಿಪ್ಪೆ ಕಪ್ಪಾಗತ್ತೆ, ಕಾಯಿ ಇದ್ರೆ ಆಮೇಲೆ ಸರಿಯಾಗಿ ಹಣ್ಣೂ ಆಗಲ್ಲ, ಗಾಳಿ ಆಡೋ ಕಡೆ ಚಿಪ್ಪನ್ನ ಹಗ್ಗ ಕಟ್ಟಿ ನೇತುಹಾಕಿ.